ಚರ್ಚಿನ ಕಂಬಕ್ಕೆ ಬಾಳವ್ವ ಕಟ್ಟಿದ ಕಲ್ಗಿ

ಬೈಲಹೊಂಗಲದಲ್ಲಿ ನೌಕರಿಯಿಂದ ನಿವೃತ್ತರಾದವರಿಗೆ ಪಿಂಚಣಿ ತಡವಾಗಿ ಬರಬಹುದು, ಕಟ್ಟೆ ಮಾತ್ರ ಮರುದಿನವೇ ಸಿಗುತ್ತದೆ. ನಾನು ಕೆಲಸ ಮಾಡಿದ ಚರ್ಚಿನ ಎದುರು, ರಸ್ತೆ ದಾಟಿದರೆ ಒಂದು ಚಹಾದಂಗಡಿ. ಅದರ ಮುಂದೆ ಬೇವಿನ ಮರ, ಮರದ ಸುತ್ತ ಕಟ್ಟೆ. ಮಾಸ್ತರರು, ಕಂಡಕ್ಟರರು, ನವಿಲುತೀರ್ಥದ ಅಣೆಕಟ್ಟಿನಲ್ಲಿ ಗೇಟು ಏರಿಸಿ ಇಳಿಸಿದವರು, ಎಲ್ಲರೂ ಬೀಳ್ಕೊಡುಗೆಯ ಶಾಲನ್ನು ಮನೆಯ ಟ್ರಂಕಿಗೆ ಹಾಕಿ ಸೀದಾ ಅಲ್ಲಿಗೆ ಬಂದು ಕೂಡುತ್ತಾರೆ. ನನಗೂ ಶಾಲು ಹೊದಿಸಿದರು. ನನ್ನ ವಯಸ್ಸು ಮೂವತ್ತನಾಲ್ಕು, ನಾನು ಹೆಂಗಸು. ಆ ಕಟ್ಟೆಯ ಮೇಲೆ ನನಗೆ ಜಾಗವಿರಲಿಲ್ಲ. ಹಾಗಾಗಿ ಬರೆಯಲು ಕೂತೆ.

ಮೂವತ್ತನಾಲ್ಕಕ್ಕೆ ಎಂಥ ನಿವೃತ್ತಿ ಎಂದು ಕೇಳುವವರಿಗೆ ಉತ್ತರ ಸಿದ್ಧವಿದೆ. ನನ್ನ ಹುದ್ದೆಯ ಹೆಸರು ಸಭಾಂಗಣ ಸಂಯೋಜಕಿ. ಚರ್ಚಿನ ಅಂಗಳವನ್ನೂ ಪಕ್ಕದ ಹಳೆಯ ಮೀಟಿಂಗ್ ಹಾಲನ್ನೂ ಊರಿನವರಿಗೆ ತೆರೆದಿಡುವುದು ನನ್ನ ಕೆಲಸ. ಚರ್ಚಾಕೂಟ, ನಾಟಕದ ತಾಲೀಮು, ಗೀಗೀ ಪದ, ಪೈಲ್ವಾನರ ಸತ್ಕಾರ, ಏನು ಬೇಕಾದರೂ ನಡೆಯಬಹುದು, ಪೂಜೆ ಪ್ರಾರ್ಥನೆ ಒಂದನ್ನು ಬಿಟ್ಟು. ಒಬ್ಬರೇ ಬಹಳ ಕಾಲ ಮೈಕು ಹಿಡಿದರೆ ಅಂಗಳ ಅವರದೇ ಆಗಿಬಿಡುತ್ತದೆ ಎಂದು ಭಾಷಣಕಾರರಿಗೆ ಪಾಠ ಹೇಳುತ್ತಿದ್ದವಳು ನಾನೇ. ಏಳು ವರ್ಷ ಕಳೆದ ಮೇಲೆ ನೋಡಿದರೆ ಮೈಕು ನನ್ನ ಕೈಯಲ್ಲೇ ಇತ್ತು. ಎದುರಾಳಿಗೆ ಹಾಕಿದ ಪಟ್ಟು ತನಗೆ ಹಾಕಿದಾಗ ತಕರಾರು ತೆಗೆಯುವವಳು ವಾದಕ್ಕೆ ನಾಲಾಯಕು. ರಾಜೀನಾಮೆ ಕೊಟ್ಟೆ. ಈಗ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯೂ ಇಂಥ ಕೆಲಸಕ್ಕೆ ಹುಡುಗ ಹುಡುಗಿಯರನ್ನು ಹುಡುಕುತ್ತಿದ್ದಾರೆಂದು ಕೇಳಿದೆ. ಬರುವವರು ಓದಲಿ. ನಂಬಿಕೆ ಇದ್ದವರೂ ಓದಲಿ, ಇಲ್ಲದವರೂ ಓದಲಿ. ನನಗಂತೂ ಇಲ್ಲ. ಮೊದಲೂ ಇರಲಿಲ್ಲ, ಈಗಲೂ ಇಲ್ಲ.

ನಮ್ಮದು ಮುನವಳ್ಳಿಯ ವೈದಿಕರ ಮನೆ. ಅಪ್ಪ ಈಗಲೂ ಮದುವೆ ಮುಂಜಿ ಮಾಡಿಸುತ್ತಾರೆ, ಉಳಿದ ಹೊತ್ತು ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ನೋಡುತ್ತಾರೆ. ದೇವರಿಲ್ಲ ಎಂದು ನಾನು ಮೊದಲು ವಾದ ಹೂಡಿದ್ದು ಅವರೆದುರಿಗೇ, ಹತ್ತನೆಯ ಇಯತ್ತೆಯಲ್ಲಿ. ಆಮೇಲೆ ಧಾರವಾಡದ ಕಾಲೇಜಿನಲ್ಲಿ ಅದನ್ನೇ ಕಸುಬಾಗಿಸಿಕೊಂಡೆ. ಕಿತ್ತೂರಿನಲ್ಲಿ ಒಂದು ಚರ್ಚಾಸ್ಪರ್ಧೆ ನಡೆದಾಗ ವಿಷಯ ಹೀಗಿತ್ತು: ಧಾರ್ಮಿಕ ಸಂಸ್ಥೆಗಳು ಊರಿನ ಸಂಸ್ಕೃತಿಯಿಂದ ದೂರವಿರಬೇಕು. ನಾನು ಹೌದು ಎಂದು ವಾದಿಸಿ ಗೆದ್ದೆ. ಢಾಲು ಕೊಡಲು ಬಂದಿದ್ದವರು ಬೈಲಹೊಂಗಲದ ಚರ್ಚಿನ ಸಭಾಪಾಲಕರು, ಅಂದರೆ ಪಾದ್ರಿ, ಪ್ರಭುದಾಸರು. ಕುಳ್ಳಗಿನ ಆಳು, ಬಿಳಿ ಅಂಗಿ, ತೋಳು ಸದಾ ಮಡಚಿದ್ದು. ಢಾಲನ್ನು ಕೈಗೆ ಕೊಟ್ಟರೂ ಬಿಡಲಿಲ್ಲ, ಹಿಡಿದುಕೊಂಡೇ ಮಾತಾಡಿದರು.

"ನೀವು ಹೇಳಿದ್ದು ಪೂರಾ ತಪ್ಪ ಐತ್ರಿ, ಬಾಯಾರ. ಆದ್ರ ನನಗ ಜವಾಬು ಹೊಳೀಲಿಲ್ಲ. ನಮ್ಮಲ್ಲಿ ಬಂದು ಕೆಲಸಾ ಮಾಡ್ರಿ, ಹೊಳಿಯೂ ಮಟಾ."

"ನಾ ದೇವರ್ನ ನಂಬೂದಿಲ್ರಿ."

"ನಂಬಾವ್ರು ನನ್ನ ಹತ್ರ ಬೇಕಾದಷ್ಟ ಅದಾರ. ನಮ್ಮ ಮಂದಿ ಊರಾಗ ಬಾಯಿ ಬಿಡೂದಿಲ್ಲ, ಊರ ಮಂದಿ ನಮ್ಮ ಗೇಟಿನಾಗ ಕಾಲ ಇಡೂದಿಲ್ಲ. ಬೈಕೋತರೇ ಬರಲಿ, ಬರಲಿ ಅಷ್ಟ."

ಇಂಥ ಮೇಲಧಿಕಾರಿ ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕರೆ ಬಿಡಬೇಡಿ. ಅಂಗಡಿಗೆ ಹೋಗಿ ಹೇಳಿದಾಗ ಅಪ್ಪ ಝೆರಾಕ್ಸ್ ಯಂತ್ರದ ಮುಚ್ಚಳ ಮುಚ್ಚಿ ನನ್ನನ್ನೇ ನೋಡಿದರು. "ನಮ್ಮ ದೇವರು ಜಗಳಕ್ಕ ಸಾಕಾಗಲಿಲ್ಲೇನು ನಿನಗ? ಅವರ ಮನೀಗೂ ಹೊಂಟೀಯಾ?" ಅಷ್ಟು ಹೇಳಿ ಮತ್ತೆ ಯಾರದೋ ಆಧಾರ್ ಕಾರ್ಡಿನ ಪ್ರತಿ ತೆಗೆಯಲು ಹೊರಳಿದರು. ಅಡ್ಡಿ ಮಾಡಲಿಲ್ಲ.

ನಾನು ಹಾಕಿದ ಷರತ್ತು ಒಂದೇ. ಅಂಗಳದಲ್ಲಿ ಪ್ರಾರ್ಥನೆ ಇಲ್ಲ, ಕರಪತ್ರ ಇಲ್ಲ, 'ಭಾನುವಾರ ಬರ್ರಿ' ಎಂಬ ಕರೆ ಇಲ್ಲ. ಒಳಗಿನದು ಒಳಗೆ, ಹೊರಗಿನದು ಹೊರಗೆ. ಬಾಯಿಮಾತು ಸಾಲದೆಂದು ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಚರ್ಚಿನ ಮೆಟ್ಟಿಲ ಬುಡದಲ್ಲಿ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆಯುತ್ತಿದ್ದೆ. ಚರ್ಚಿನ ಆಡಳಿತ ನೋಡುವ ಸಭಾ ಹಿರಿಯರಲ್ಲಿ ಹಿರಿಯರಾದ ಬೆಂಜಮಿನಣ್ಣ ಮೊದಲ ದಿನವೇ ಅದರ ಮುಂದೆ ನಿಂತು, "ಏನ್ರಿ, ಕಬಡ್ಡಿ ಆಡಸ್ತೀರೇನು?" ಎಂದರು. ಪ್ರಭುದಾಸರು ಮಾತ್ರ ಗೆರೆಯನ್ನು ಎಚ್ಚರದಿಂದ ದಾಟಿ, ಈಚೆ ಬಂದು, ಬಾಯಿಯ ಮೇಲೆ ಬೆರಳಿಟ್ಟು ನಿಂತರು. ಏಳು ವರ್ಷವೂ ಹಾಗೆಯೇ ನಿಂತರು.

ಈ ಕೆಲಸದಲ್ಲಿ ನನ್ನ ಮೊದಲ ಫಜೀತಿ ಗಂಟೆಯದು. ಈ ಭಾಗದಲ್ಲಿ ಹಾಡಿನಲ್ಲೇ ವಾದ ಮಾಡುವ ಮೇಳಗಳಿವೆ. ಗಂಡು ಹೆಚ್ಚು, ಶಿವ ಹೆಚ್ಚು ಎನ್ನುವವರು ಹರದೇಶಿ. ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎನ್ನುವವರು ನಾಗೇಶಿ. ಕೈಯಲ್ಲಿ ದಪ್ಪು ಹಿಡಿದು ಒಬ್ಬರು ಸವಾಲು ಹಾಡಿದರೆ ಇನ್ನೊಬ್ಬರು ಜವಾಬು ಹಾಡಬೇಕು. ಇದಕ್ಕಿಂತ ಒಳ್ಳೆಯ ಚರ್ಚಾಸ್ಪರ್ಧೆ ಎಲ್ಲಿದೆ ಎಂದುಕೊಂಡು ಸವದತ್ತಿ ಕಡೆಯ ಒಂದು ಹರದೇಶಿ ಮೇಳವನ್ನೂ ತೊರಗಲ್ಲಿನ ಬಾಳವ್ವನ ನಾಗೇಶಿ ಮೇಳವನ್ನೂ ಭಾನುವಾರ ಮಧ್ಯಾಹ್ನ ಕರೆಸಿದೆ. ಕರೆಸಿ, ಧಾರವಾಡದಲ್ಲಿ ಕಲಿತದ್ದನ್ನೆಲ್ಲ ಅವರ ಮೇಲೆ ಹೇರಿದೆ. ಮೂವರು ತೀರ್ಪುಗಾರರು, ಅಂಕಪಟ್ಟಿ, ಸಮಯಕ್ಕೆ ಸರಿಯಾಗಿ ಹೊಡೆಯಲು ಒಂದು ಹಿತ್ತಾಳೆಯ ಗಂಟೆ.

ಬಾಳವ್ವ ಕಪ್ಪಗಿನ ಎತ್ತರದ ಹೆಂಗಸು. ಹಣೆಯ ತುಂಬ ಕುಂಕುಮ. 'ಮಲಪ್ರಭಾ ಹೊಳಿ ಈ ದಂಡ್ಯಾಗ ನನಗ ಜವಾಬು ಕೊಡೂ ಗಂಡಸು ಹುಟ್ಟಿಲ್ಲ, ಆ ದಂಡ್ಯಾಗ ಹುಟ್ಟಿದಾವ ಓಡಿ ಹೋದ' ಎಂದು ಹೇಳಿಕೊಂಡೇ ಹಾಡು ಶುರು ಮಾಡುವವಳು. ಅವಳ ಪದ ಏರುತ್ತ ಏರುತ್ತ ತುದಿ ಮುಟ್ಟುವ ಹೊತ್ತಿಗೆ ನಾನು ಠಣ್ಣೆಂದು ಗಂಟೆ ಬಾರಿಸಿದೆ. ದಪ್ಪು ನಿಂತಿತು.

"ಯಾಕವಾ, ಸಾಲಿ ಬಿಟ್ಟಿತೇನು?"

ಅಂಗಳ ನಕ್ಕದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು. ನಾನು ಗಂಭೀರವಾಗಿ, ಸಮಯ ಆಯಿತು, ಇನ್ನು ಅಂಕ ಹೇಳುತ್ತೇವೆ ಎಂದೆ.

"ಎಷ್ಟ ಕೊಟ್ಟಿ ನನಗ?"

"ಐವತ್ತಕ್ಕ ನಲವತ್ತು."

"ಉಳದ ಹತ್ತ ಯಾರಿಗಿಟ್ಟಿ? ನಿನ್ನ ಮದವ್ಯಾಗ ಆಯೇರಿ ಹಾಕಾಕೇನು?" ಆಯೇರಿ ಎಂದರೆ ಮದುವೆಯ ಉಡುಗೊರೆ.

ಕಾರ್ಯಕ್ರಮ ಮುಗಿದ ಮೇಲೆ ಅವಳನ್ನು ಹಾಲ್ ಒಳಗೆ ಕೂರಿಸಿ ಚಹಾ ಕೊಟ್ಟು ಕೇಳಿದೆ: ಗೆದ್ದವರು ಸೋತವರು ಇಲ್ಲದಿದ್ದರೆ ಅದೆಂಥ ವಾದ? ಬಾಳವ್ವ ಬಶಿಗೆ ಚಹಾ ಸುರಿದು ಊದಿಕೊಂಡು ಕುಡಿದಳು. "ಗೆದ್ದಾವ ಮನಿಗೆ ಹೋಗಿ ಮಲಕೋತಾನ. ಜವಾಬು ಹೊಳೀದಾವ ಮತ್ತ ಬರತಾನ. ನಿನಗ ಯಾವ ಮಂದಿ ಬೇಕು?" ಆಮೇಲೆ ದಪ್ಪಿನ ಅಂಚಿಗೆ ಸಿಕ್ಕಿಸಿದ ಕೆಂಪು ಜರಿಯ ಕುಚ್ಚನ್ನು ಬೆರಳಿನಿಂದ ತಟ್ಟಿ ತೋರಿಸಿದಳು. ಅದು ನಾಗೇಶಿಯ ಗುರುತು, ಕಲ್ಗಿ. ಅವರ ಮೇಳದಲ್ಲಿ ಒಂದು ಪದ್ಧತಿಯಿದೆಯಂತೆ. ತೀರಾ ದೊಡ್ಡ ಸವಾಲು ಇದ್ದರೆ ಕಲ್ಗಿ ಬಿಚ್ಚಿ ಎದುರಿನವರ ಮನೆಯ ಕಂಬಕ್ಕೆ ಕಟ್ಟಿ ಬರುವುದು. ಜವಾಬು ಸಿಗುವವರೆಗೆ ಆ ಅಂಗಳದಲ್ಲಿ ದಪ್ಪು ಮುಟ್ಟುವಂತಿಲ್ಲ. ಜವಾಬು ಕೊಟ್ಟವರು ಕಲ್ಗಿಯನ್ನು ತಾವು ಇಟ್ಟುಕೊಂಡು, ಇನ್ನೊಂದು ಸವಾಲು ಹುಡುಕಿ, ಅದನ್ನು ಇನ್ನೊಬ್ಬರಿಗೆ ಕಟ್ಟಬೇಕು. "ನಮ್ಮವ್ವ ಒಮ್ಮೆ ಕಟ್ಟಿದ್ಲು. ನಾ ಇನ್ನೂ ಕಟ್ಟಿಲ್ಲ. ಅಂಥಾ ಮನಿ ಸಿಕ್ಕಿಲ್ಲ."

ಗಂಟೆಯನ್ನು ಅವತ್ತಿನಿಂದ ಚಹಾ ಆಯಿತೆಂದು ಸಾರಲು ಬಳಸಿದೆವು. ವಿಧಾನ ಬದಲಾಯಿತು ಎಂದು ವರದಿಗಳಲ್ಲಿ ಬರೆಯುತ್ತಾರಲ್ಲ, ನಮ್ಮಲ್ಲಿ ಬದಲಾದದ್ದು ಹೀಗೆ.

ರಾಮದುರ್ಗದ ನೇಕಾರರ ಒಂದು ನಾಟಕ ಮಂಡಳಿ ನಮ್ಮ ಹಾಲಿನಲ್ಲಿ ತಾಲೀಮಿಗೆ ಬರುತ್ತಿತ್ತು. ಅವರ ನಾಟಕದ ಹಾಸ್ಯದ ಸೀನಿನಲ್ಲಿ ಒಬ್ಬ ಪಾದ್ರಿ. ಟೊಪ್ಪಿಗೆ, ಕರಿ ಕೋಟು, ತೊದಲುವ ಕನ್ನಡ. ಬೆಂಜಮಿನಣ್ಣನ ಕಿವಿಗೆ ಬಿತ್ತು. "ನಮ್ಮ ಹಾಲಿನಾಗ ಕುಂತು, ನಮ್ಮ ಫ್ಯಾನಿನ ಗಾಳಿ ತಗೊಂಡು, ನಮ್ಮನ್ನ ಅಣಗಸೂದೇನ್ರಿ?" ವಾಕ್‌ಸ್ವಾತಂತ್ರ್ಯದ ಮೇಲೆ ನಾನು ಒಂದು ಭಾಷಣ ತಯಾರಿಸಿಕೊಂಡೆ. ಅದರ ಅಗತ್ಯ ಬೀಳಲಿಲ್ಲ. ಪ್ರಭುದಾಸರು ತಾವೇ ತಾಲೀಮಿಗೆ ಬಂದರು, ಹಿಂದಿನ ಬೆಂಚಿನಲ್ಲಿ ಕೂತರು, ಇಡೀ ಸೀನು ನೋಡಿ ಎದ್ದರು. ನೇಕಾರರ ಮುಖ ಬಿಳುಪೇರಿತ್ತು.

"ಕೋಟು ತಪ್ಪೈತ್ರಿ. ಇದು ವಕೀಲರ ಕೋಟು. ನಂದೊಂದು ಹಳೇ ನಿಲುವಂಗಿ ಐತಿ, ಕೊಡತೇನಿ. ಮತ್ತ ಪಾದ್ರಿ ಹಿಂಗ ತೊದಲೂದಿಲ್ಲ. ನಮ್ಮಜ್ಜ ಸವದತ್ತಿ ಸಂತ್ಯಾಗ ಎಮ್ಮಿ ಮಾರಾವ. ನಿಮ್ಮ ಕನ್ನಡಾನ ನಮ್ಮ ಕನ್ನಡಾ. ನಗಸೂದಿದ್ರ ನಮ್ಮ ಖರೇ ಹುಳುಕು ಹಿಡೀರಿ. ಪ್ರಾರ್ಥನಿ ಭಾಳ ಉದ್ದ ಮಾಡತೇವಿ, ಮದವಿ ಊಟಾ ಆರಿ ಹೋಗತೈತಿ."

ಆಟದ ದಿನ ನಿಲುವಂಗಿ ತೊಟ್ಟ ಪಾದ್ರಿ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದ. ಹಿಂದೆ ಬೀಗರು ಒಬ್ಬೊಬ್ಬರಾಗಿ ತೂಕಡಿಸಿದರು, ಒಬ್ಬ ಮೆಲ್ಲಗೆ ಜಿಲೇಬಿ ಕದ್ದು ತಿಂದ, ವರ ಕೂತಲ್ಲೇ ಗೊರಕೆ ಹೊಡೆದ, ಪಾದ್ರಿಯ ಪ್ರಾರ್ಥನೆ ಮಾತ್ರ ಮುಗಿಯಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವರು ಚರ್ಚಿನವರೇ. ಬೆಂಜಮಿನಣ್ಣ ಟಾವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಹೆಗಲು ಕುಣಿಯುತ್ತಿತ್ತು. ಅದಾದ ಮೇಲೆ ಮದುವೆಗಳಲ್ಲಿ ಪ್ರಭುದಾಸರ ಪ್ರಾರ್ಥನೆ ಗಿಡ್ಡವಾಯಿತೆಂದು ಊರವರ ಅಂಬೋಣ. ನಾನು ಅಳೆದಿಲ್ಲ.

ಗೆರೆ ನನ್ನನ್ನು ಕಾಪಾಡಿದ ಸಂದರ್ಭವೂ ಇದೆ. ಒಂದು ಸಂಜೆ ನಾಲ್ಕಾರು ತರುಣರು ಗೇಟಿನಲ್ಲಿ ಅಡ್ಡಲಾಗಿ ನಿಂತರು. "ಇಲ್ಲಿ ಏನ ನಡಸೀರಿ? ಮಂದೀನ ಕೂಡಿಸಿ ಏನ ಹೇಳಾಕತ್ತೀರಿ?" ಪ್ರಶ್ನೆ ಕೇಳುವುದು ಅವರ ಹಕ್ಕು, ನಾನೂ ಅದನ್ನೇ ತಿಂದು ಬೆಳೆದವಳು. ಸುಣ್ಣದ ಗೆರೆ ತೋರಿಸಿದೆ. "ಈ ಗೆರಿ ದಾಟಿ ಒಂದ ಪ್ರಾರ್ಥನಿ ಹೊರಗ ಬಂದದ್ದು ತೋರಸ್ರಿ, ನಾನ ಗೇಟಿಗೆ ಕೀಲಿ ಹಾಕತೀನಿ." ಅವತ್ತಿನ ಚರ್ಚೆಯ ವಿಷಯ, ಊರ ಮೆರವಣಿಗೆಗಳಲ್ಲಿ ಡಿಜೆ ಬೇಡ ಎಂಬುದು. ಅವರಲ್ಲಿ ಒಬ್ಬ ಡಿಜೆ ಇಟ್ಟವನು. ನಿಂತಲ್ಲೇ ಅವನಿಗೆ ಸಿಟ್ಟು ಬಂತು, ಕೈ ಎತ್ತಿದ, ಮೈಕು ಕೊಟ್ಟೆ. ಡಿಜೆಯ ಪರವಾಗಿ ಆ ಅಂಗಳದಲ್ಲಿ ಅಷ್ಟು ಚಂದ ಮಾತಾಡಿದವರು ಇನ್ನೊಬ್ಬರಿಲ್ಲ. ಮುಂದಿನ ಚರ್ಚೆಗೆ ಅವನೇ ಪುಕ್ಕಟೆ ಸ್ಪೀಕರ್ ತಂದಿಟ್ಟ, ದನಿ ಮಾತ್ರ ಕಡಿಮೆ ಇಡಿಸಬೇಕಾಯಿತು.

ಹೀಗಾಗಿ ಆ ಗೆರೆಯ ಬಗ್ಗೆ ನನಗೆ ಭಾರೀ ಹೆಮ್ಮೆ. ಎಲ್ಲಿ ಹೋದರೂ ಅದನ್ನೇ ಹೇಳುತ್ತಿದ್ದೆ. ಧರ್ಮಸಂಸ್ಥೆ ಊರಿನ ಜತೆ ಬೆರೆಯಬೇಕೆ? ಬೆರೆಯಲಿ, ಆದರೆ ಗೆರೆ ಇರಲಿ. ಅದೇ ಗೆರೆಯಲ್ಲಿ ನಾನು ಸಿಕ್ಕಿಬಿದ್ದ ಕಥೆ ಇನ್ನು ಮುಂದಿನದು.

ಈಸ್ಟರ್ ಕಳೆದ ಮೇಲೆ ಬಾಳವ್ವನ ಮೇಳ ಮತ್ತೆ ಬಂತು. ಅಷ್ಟರಲ್ಲಿ ಅವಳು ಅಂಗಳದ ಖಾಯಂ ಗಿರಾಕಿ. ಬಂದಾಗಲೆಲ್ಲ ಅಡಿಗೆಯ ಕೋಣೆಯಲ್ಲಿ ಸುಮಿತ್ರವ್ವನ ಜತೆ ಉಳ್ಳಾಗಡ್ಡಿ ಹೆಚ್ಚುತ್ತ ಕೂಡುವಳು. ಸುಮಿತ್ರವ್ವ ಎಂದರೆ ಬೆಂಜಮಿನಣ್ಣನ ಹೆಂಡತಿ, ಚರ್ಚಿನ ಸ್ತ್ರೀಸಮಾಜದ ಮುಖ್ಯಸ್ಥೆ. ಮಕ್ಕಳ ಭಾನುವಾರದ ಶಾಲೆ ಅವರದೇ, ಕಾಯಿಲೆಯವರ ಮನೆಗೆ ಹೋಗುವುದು ಅವರೇ. ಮೆತ್ತಗಿನ ದನಿ. ಆದರೆ ಚರ್ಚಿನ ಒಳಗೆ, ಪ್ರಸಂಗ, ಅಂದರೆ ಭಾನುವಾರದ ಉಪದೇಶ, ಹೇಳುವ ಪೀಠದ ಮೆಟ್ಟಿಲನ್ನು ಅವರು ಗುಡಿಸಿದ್ದರು, ಹತ್ತಿರಲಿಲ್ಲ. ಯಾವ ಹೆಂಗಸೂ ಹತ್ತಿರಲಿಲ್ಲ. ಹತ್ತಬಾರದೆಂಬ ನಿಯಮ ನಮ್ಮಲ್ಲಿ ಎಲ್ಲೂ ಇರಲಿಲ್ಲ. ರೂಢಿಯಿತ್ತು ಅಷ್ಟೆ.

ಅವತ್ತು ಹರದೇಶಿಯವರ ಜತೆ ಎರಡು ಪದ ಆದ ಮೇಲೆ ಬಾಳವ್ವ ಅವರ ಕಡೆ ಬೆನ್ನು ಮಾಡಿದಳು. ಚರ್ಚಿನ ಬಾಗಿಲಿಗೆ ಎದುರಾಗಿ ನಿಂತಳು. ದಪ್ಪು ಬಡಿದಳು.

"ಅಂಗಳದಾಗ ಹೆಣ್ಣಿನ ಸೊಲ್ಲಿಗೆ ಜಮಖಾನಿ ಹಾಸೀರಿ
ಹೊಸ್ತಿಲ ದಾಟಿದ ಮ್ಯಾಲ ಬಾಯಿಗೆ ಬೀಗ ಯಾಕ ಹಾಕೀರಿ?
ಗೋರಿಗೆ ನಸಕಿಲೆ ಹೋದಾಕಿ ಹೆಣ್ಣು, ಎದ್ದಾವನ ಮೊದಲ ಕಂಡಾಕಿ ಹೆಣ್ಣು
ಕಂಡಾಕಿ ಬಾಯಿ ಮುಚಗೊಂಡು ಕುಂತ್ರ, ಕೇಳಿದಾವ ಯಾಕ ಹೇಳ್ತಾನ್ರಿ?"

ಸತ್ತ ಯೇಸು ಗೋರಿಯಿಂದ ಎದ್ದು ಬಂದದ್ದನ್ನು ಮೊದಲು ಕಂಡವರು ಹೆಂಗಸರು ಎಂಬುದು ಈಸ್ಟರಿನ ಕಥೆ. ಮೇಳದವರು ಗೀಗೀ ಎಂಬ ಪಲ್ಲವಿ ಎತ್ತಲಿಲ್ಲ. ಬಾಳವ್ವ ಕಲ್ಗಿ ಬಿಚ್ಚಿದಳು, ಸುಣ್ಣದ ಗೆರೆಯನ್ನು ನೋಡದೆಯೇ ದಾಟಿದಳು, ಮೆಟ್ಟಿಲು ಹತ್ತಿ ಪಡಸಾಲೆಯ ಮೊದಲ ಕಂಬಕ್ಕೆ ಅದನ್ನು ಕಟ್ಟಿದಳು.

"ಅಯ್ನಾರ, ಜವಾಬು ಸಿಗೂ ಮಟಾ ಈ ಅಂಗಳದಾಗ ನನ್ನ ದಪ್ಪು ಬಡಿಯೂದಿಲ್ಲ. ನನ್ನದಷ್ಟ ಅಲ್ಲ, ನಮ್ಮ ದಾರೀದು ಯಾವ ಮೇಳದ್ದೂ ಬಡಿಯೂದಿಲ್ಲ."

ಪ್ರಭುದಾಸರು ಬಾಯಿಯ ಮೇಲಿನ ಬೆರಳು ತೆಗೆದು ಕೈ ಮುಗಿದರು. "ಕಟ್ಟೀರಿ. ಇರಲಿ."

ಅವಳು ಹೇಳಿದಂತೆಯೇ ಆಯಿತು. ನಾಗೇಶಿಯವರು ಬರಲೊಪ್ಪಲಿಲ್ಲ, ಅವರಿಲ್ಲದೆ ಹರದೇಶಿಯವರು ಯಾರ ಜತೆ ವಾದಿಸಬೇಕು? ನೇಕಾರರ ಮಂಡಳಿಯವರೂ ಕಂಬ ನೋಡಿ, "ಮದಲ ಅದನ್ನ ಮುಗಸ್ರಿ" ಎಂದು ತಾಲೀಮನ್ನು ಬೇರೆ ಕಡೆ ಒಯ್ದರು. ನಾನು ವರ್ಷಗಟ್ಟಲೆ ಕಟ್ಟಿದ ಅಂಗಳ ಬಣಗುಟ್ಟಿತು. ಜವಾಬು ಸಿಗದಿದ್ದರೆ ನನ್ನ ಕೆಲಸವೂ ಅಲ್ಲಿಗೆ ಮುಗಿದಂತೆ.

ಎದುರಿನ ಕಟ್ಟೆಗೆ ಮಾತ್ರ ಹಬ್ಬ. ಕಟ್ಟೆಯ ಯಜಮಾನಿಕೆ ಗುರಪ್ಪ ಮಾಸ್ತರರದು, ನಿವೃತ್ತ ಹೆಡ್ಮಾಸ್ತರರು, ಬಿಸಿಲಿರಲಿ ಬಿಡಲಿ ಪಕ್ಕದಲ್ಲಿ ಕೊಡೆ. ಪ್ರಭುದಾಸರು ಗೇಟು ದಾಟಿದರೆ ಸಾಕು, "ಏನ್ರಿ ಅಯ್ನಾರ, ಕಲ್ಗಿ ಇನ್ನೂ ಐತೋ, ಗಾಳಿಗೆ ಹಾರೇತೋ?" ಎಂದು ಕೂಗುವರು. ಒಬ್ಬರು ಪಾದ್ರಿಯ ಪರ, ಒಬ್ಬರು ಬಾಳವ್ವನ ಪರ. ಮಾರ್ಕೆಟ್ಟಿನಲ್ಲಿ ಹೂ ಮಾರುವವಳೂ ನನ್ನನ್ನು ನಿಲ್ಲಿಸಿ, "ಆ ಗೋರಿ ಕತಿ ಖರೇನ ಐತೇನ್ರಿ ಅವರ ಪುಸ್ತಕದಾಗ?" ಎಂದು ಕೇಳಿದಳು. ನನಗಾಗ ಒಂದು ಮಾತು ಹೊಳೆಯಿತು. ಚರ್ಚಿನ ಗೋಡೆಯಾಚೆ ಏನು ನಡೆಯುತ್ತದೆಂದು ಊರು ಮೊದಲು ಕೇಳುತ್ತಿದ್ದದ್ದು ಸಂಶಯದಿಂದ. ಈಗ ಸ್ವಂತ ಅಣ್ಣತಮ್ಮಂದಿರ ಮನೆಯ ಜಗಳಕ್ಕೆ ಬಾಯಿ ಹಾಕಿದಂತೆ ಹಾಕುತ್ತಿತ್ತು. ಬಣಗುಟ್ಟುವ ಅಂಗಳದ ನಡುವೆ ನಿಂತೂ ನನಗೆ ಒಳಗೊಳಗೇ ಹಿಗ್ಗು.

ಮಳೆಗಾಲ ಕಳೆದು ಸುಗ್ಗಿ ಹತ್ತಿರ ಬಂದಾಗ ಹಿರಿಯರ ಸಭೆ ಸೇರಿತು. ನೌಕರಳೆಂದು ನನ್ನನ್ನೂ ಕರೆದರು. ಕಲ್ಗಿಯನ್ನು ಗೌರವದಿಂದ ಬಿಚ್ಚಿ ಬಾಳವ್ವನಿಗೆ ಕಳಿಸಿಬಿಡೋಣ ಎಂದರು ಬೆಂಜಮಿನಣ್ಣ. ನಾನು ಎದ್ದು, ಪ್ರಶ್ನೆಗೆ ಉತ್ತರ ಕೊಡದೆ ಪ್ರಶ್ನೆಯನ್ನೇ ವಾಪಸು ಕಳಿಸುವುದು ಸೋಲಿಗಿಂತ ಕಡೆ ಎಂದು ಶುರು ಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಬಾಯಾರ, ಗೆರಿ ಹೊಡದಾವ್ರು ಯಾರು?"

"ನಾನ."

"ಒಳಗಿಂದು ಒಳಗ, ಹೊರಗಿಂದು ಹೊರಗ. ಯಾರ ಮಾತು?"

"ನಂದ."

"ಒಳಗಿನ ಒಂದ ಪ್ರಾರ್ಥನಿ ಹೊರಗ ಹೋಗಬಾರದು, ಖರೆ. ಹಂಗಾರ ಹೊರಗಿನ ಸವಾಲು ಒಳಗ ಹ್ಯಾಂಗ ಬರತೈತಿ? ಗೆರಿ ಒಂದ ಕಡಿಗೆ ಅಷ್ಟ ಇರತೈತೇನು?"

ಜಿಲ್ಲೆ ಜಿಲ್ಲೆ ತಿರುಗಿ ಢಾಲು ಗೆದ್ದವಳು ನಾನು. ನನ್ನದೇ ನಿಯಮವನ್ನು ನನ್ನ ಕೊರಳಿಗೆ ಅಷ್ಟು ಅಚ್ಚುಕಟ್ಟಾಗಿ ಹಾಕಿದವರು ಅವರೊಬ್ಬರೇ. ಎದ್ದವಳು ಹಾಗೆಯೇ ಕೂತೆ. ಪ್ರಭುದಾಸರು ನೆಲ ನೋಡುತ್ತಿದ್ದರು.

ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಬಂದಿದ್ದ ಸುಮಿತ್ರವ್ವ ಅದನ್ನು ಮೇಜಿನ ಮೇಲಿಟ್ಟರು. ಸೆರಗಿಗೆ ಕೈ ಒರೆಸಿಕೊಂಡರು.

"ಅದು ಹೊರಗಿನ ಸವಾಲಲ್ರಿ. ನಂದು."

"ಏನಂದಿ?" ಎಂದರು ಬೆಂಜಮಿನಣ್ಣ.

"ಗೋರಿ ಕತಿ ಬಾಳವ್ವಗ ಹೇಳಿದಾಕಿ ನಾನ. ಉಳ್ಳಾಗಡ್ಡಿ ಹೆಚ್ಚಕೋತ ಹೇಳಿದ್ಯಾ. ಕಂಡಾಕಿ ಯಾಕ ಹೇಳಬಾರದು ಅಂತ ಕೇಳಿದಾಕೀನೂ ನಾನ. ಆಕಿ ಅದಕ ರಾಗಾ ಹಚ್ಚಿದ್ಲು. ಒಳಗಿಂದನ ಹೊರಗ ಹೋಗಿ ತಿರುಗಿ ಮನಿಗೆ ಬಂದೈತಿ. ಮನಿಗೆ ಬಂದದ್ದಕ್ಕ ಬಾಗಲಾ ಹಾಕತೀರೇನು?"

"ಮನ್ಯಾಗ ನನ್ನ ಕೇಳಬೇಕಿಲ್ಲೇನು ಮದಲ?"

"ಕೇಳೇನಿ. ನೀವು ಟಿವಿ ಸಪ್ಪಳ ಜಾಸ್ತಿ ಮಾಡಿದ್ರಿ."

ಸಭೆಯ ಇತರ ಹಿರಿಯರು ಕಪ್ಪಿನಲ್ಲಿ ಮುಖ ಹುದುಗಿಸಿದರು. ಪ್ರಭುದಾಸರು ತಲೆ ಎತ್ತಿ, ತೋಳು ಇನ್ನೊಂದು ಮಡಿಕೆ ಮಡಚಿ, "ಸುಗ್ಗಿ ಆರಾಧನಿ ಮುಂದಿನ ಐತವಾರ ಐತಿ. ಪ್ರಸಂಗ ಸುಮಿತ್ರವ್ವ ಹೇಳಲಿ" ಎಂದರು. ಯಾರೂ ಇಲ್ಲವೆನ್ನಲಿಲ್ಲ. ಬೆಂಜಮಿನಣ್ಣ ಹೆಂಡತಿಯ ಕಡೆ ನೋಡದೆ, "ಭಾಳ ಉದ್ದ ಮಾಡಬ್ಯಾಡಂತ ಹೇಳ್ರಿ" ಎಂದರು.

ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಿ. ಪ್ರಚಾರಕ್ಕೆ ಗೆರೆ ಹೊಡೆಯಿರಿ, ಗಟ್ಟಿಯಾಗಿ ಹೊಡೆಯಿರಿ. ಪ್ರಶ್ನೆಗೆ ಹೊಡೆಯಬೇಡಿ. ಎರಡಕ್ಕೂ ಒಂದೇ ಗೆರೆ ಸಾಕೆಂದು ನಾನು ತಿಳಿದಿದ್ದೆ.

ಸುಗ್ಗಿಯ ಭಾನುವಾರ ಚರ್ಚಿನ ಒಳಗೆ ಜೋಳದ ದಂಟು, ಕುಂಬಳಕಾಯಿ, ಬೆಲ್ಲದ ಪೆಂಟೆ, ಕಾಲು ಕಟ್ಟಿದ ಎರಡು ಕೋಳಿ. ನಾನು ಎಂದಿನಂತೆ ಬಾಗಿಲಲ್ಲಿ ನಿಂತಿದ್ದೆ. ಬಾಳವ್ವ ಮೆಟ್ಟಿಲ ಮೇಲೆ ಕೂತಿದ್ದಳು, ಕಲ್ಗಿ ಕಟ್ಟಿದ ಕಂಬಕ್ಕೆ ಒರಗಿ. ರಸ್ತೆಯಾಚೆ ಕಟ್ಟೆಯ ಮೇಲಿನವರು ಕೊರಳು ಉದ್ದ ಮಾಡಿದ್ದರು.

ಸುಮಿತ್ರವ್ವ ಪೀಠ ಹತ್ತಿ ಮೊದಲು ಅದರ ಧೂಳು ಒರೆಸಿದರು, ರೂಢಿ. ಆಮೇಲೆ ಹೇಳಿದರು. "ಆ ಹೆಣ್ಣಮಕ್ಕಳು ನಸಕಿನ್ಯಾಗ ಗೋರಿ ಕಡೆ ಹೊಂಟಾಗ ಅವರಿಗೆ ಇದ್ದದ್ದು ಒಂದ ಚಿಂತಿ. ಬಾಗಲಕ್ಕ ಉರಳಿಸಿದ ಕಲ್ಲು ಸರಸಾವ್ರು ಯಾರು? ಅಲ್ಲಿಗೆ ಹೋಗಿ ನೋಡತಾರ, ಕಲ್ಲು ಆಗಲೇ ಸರದೈತಿ. ನನಗೂ ಹಂಗ ಆತು. ಇಷ್ಟ ವರ್ಷ ಕಲ್ಲು ಅಂತ ತಿಳದಿದ್ದೆ. ಹೋಗಿ ಕೇಳಿದ್ರ ಅದು ನಮ್ಮ ಮನ್ಯಾವ್ರು."

ಕೋಳಿಗಳೂ ಬೆಚ್ಚುವಂತೆ ನಕ್ಕರು ಒಳಗಿನವರು. ಬೆಂಜಮಿನಣ್ಣನ ಟಾವೆಲ್ಲು ಮತ್ತೆ ಮುಖಕ್ಕೆ ಹೋಯಿತು. ಈ ಸಲ ಕಣ್ಣಿಗೂ ಹೋಯಿತು. ಆ ಗೋರಿಯ ಕಥೆಯನ್ನು ನಾನು ನಂಬುವುದಿಲ್ಲ. ಆದರೆ ಮಾತು ಹೇಗಿರಬೇಕೆಂದು ತೀರ್ಪು ಕೊಡುವುದು ನನ್ನ ವಿದ್ಯೆ. ಹಳೆಯ ಅಂಕಪಟ್ಟಿ ಕೈಯಲ್ಲಿದ್ದಿದ್ದರೆ ಐವತ್ತಕ್ಕೆ ಐವತ್ತು ಬರೆದು, ಆಯೇರಿಗೆಂದು ಏನೂ ಉಳಿಸುತ್ತಿರಲಿಲ್ಲ.

ಆರಾಧನೆ ಮುಗಿದ ಮೇಲೆ ಬಾಳವ್ವ ಕಲ್ಗಿ ಬಿಚ್ಚಿ ಸುಮಿತ್ರವ್ವನ ಅಂಗೈಯಲ್ಲಿಟ್ಟಳು. "ಜವಾಬು ಕೊಟ್ಟಾಕಿ ನೀನು. ಇನ್ನ ಸವಾಲು ನಿಂದು. ಯಾರಿಗೆ ಕಟ್ಟತಿ?"

ಸುಮಿತ್ರವ್ವ ಯೋಚಿಸಲಿಲ್ಲ. ಮೊದಲೇ ಯೋಚಿಸಿದ್ದಿರಬೇಕು. ಮೆಟ್ಟಿಲಿಳಿದರು, ಅಂಗಳ ದಾಟಿದರು, ಗೇಟು ದಾಟಿದರು, ಎರಡೂ ಕಡೆ ನೋಡಿ ರಸ್ತೆ ದಾಟಿದರು. ಸೀದಾ ಬೇವಿನ ಮರದ ಕೆಳಗೆ ಹೋಗಿ ನಿಂತರು. ನಾವೆಲ್ಲ ಹಿಂದೆ.

"ಮಾಸ್ತರ, ಒಳಗ ನಮ್ಮ ಬಾಯಿ ಮುಚ್ಚೈತಿ ಅಂತ ಇಷ್ಟ ದಿನಾ ಇಲ್ಲಿ ಕುಂತು ನಕ್ರಿ. ನಗ್ರಿ, ಅದರಾಗ ತಪ್ಪಿಲ್ಲ. ಈಗ ನನ್ನ ಸವಾಲು ಕೇಳ್ರಿ. ಈ ಕಟ್ಟೀಮ್ಯಾಲ ಯಾವತ್ತರೇ ಒಬ್ಬ ಹೆಣ್ಣಮಗಳು ಕುಂತದ್ದು ನೋಡೀರೇನು?"

ಗುರಪ್ಪ ಮಾಸ್ತರರು ಕೊಡೆ ಈ ಪಕ್ಕದಿಂದ ಆ ಪಕ್ಕಕ್ಕೆ ಇಟ್ಟರು. "ಅಯ್ಯ, ಯಾರ ಬ್ಯಾಡಂದಾರ್ರೀ?"

"ನಮಗೂ ಒಳಗ ಯಾರೂ ಬ್ಯಾಡ ಅಂದಿರಲಿಲ್ರಿ," ಎಂದು ಸುಮಿತ್ರವ್ವ ಕಲ್ಗಿಯನ್ನು ಬೇವಿನ ಕೆಳಟೊಂಗೆಗೆ ಕಟ್ಟಿದರು.

ಬಾಳವ್ವ ನನ್ನ ಪಕ್ಕೆಗೆ ತಿವಿದಳು. "ನೋಡಿದೇನು? ಅಂಥಾ ಮನಿ ಸಿಕ್ತು."

ಮುಂದಿನ ಭಾನುವಾರ ನಮ್ಮ ಅಂಗಳದಲ್ಲಿ ದಪ್ಪು ಬಡಿಯಿತು. ನೇಕಾರರೂ ವಾಪಸು ಬಂದರು. ಚರ್ಚು ಊರಿನೊಡನೆ ಹೇಗೆ ಬೆರೆಯಬೇಕೆಂದು ಈಚೆಗೆ ಯಾರಾದರೂ ಕೇಳಿದರೆ ನಾನು ಸಿದ್ಧಾಂತ ಹೇಳುವುದಿಲ್ಲ. ಬೈಲಹೊಂಗಲಕ್ಕೆ ಹೋಗಿ, ಬೇವಿನ ಮರ ನೋಡಿ ಬನ್ನಿ ಎನ್ನುತ್ತೇನೆ. ಪ್ರಭುದಾಸರು ಬೀಳ್ಕೊಡುಗೆಯ ದಿನ ಶಾಲು ಹೊದಿಸುತ್ತ, "ಕಿತ್ತೂರಾಗ ನೀವು ಹೇಳಿದ್ದಕ್ಕ ಜವಾಬು ಹೊಳದೈತ್ರಿ. ಆದ್ರ ಹೇಳೂದಿಲ್ಲ, ಹೇಳಿದ್ರ ನೀವು ಮತ್ತ ಬರೂದಿಲ್ಲ" ಎಂದರು. ಬಾಳವ್ವ ಕಲಿಸಿದ ಪಾಠ ಅವರಿಗೂ ಬಂದಿತ್ತು.

ಇಷ್ಟು ಬರೆದು ಮುಗಿಸೋಣವೆಂದಿದ್ದೆ. ಮೊನ್ನೆ ಹಾಲಿನ ಕೀಲಿಕೈ ಒಪ್ಪಿಸಲು ಹೋದೆ. ಕಲ್ಗಿಯ ಜರಿ ಬಿಸಿಲಿಗೆ ಬಣ್ಣ ಬಿಟ್ಟಿತ್ತು, ಟೊಂಗೆಯಲ್ಲೇ ಇತ್ತು. ಅದರ ಕೆಳಗೆ ಕಟ್ಟೆಯ ಮೇಲೆ ಸುಮಿತ್ರವ್ವ, ಪಕ್ಕದಲ್ಲಿ ಕಾಲು ಇಳಿಬಿಟ್ಟು ಬಾಳವ್ವ, ಬಶಿಯಲ್ಲಿ ಚಹಾ. ಕಟ್ಟೆಯ ಗಂಡಸರು ಒಂದು ತುದಿಗೆ ಒತ್ತಿಕೊಂಡು ಪೇಪರು ಓದುವಂತೆ ನಟಿಸುತ್ತಿದ್ದರು.

"ಇಬ್ಬರು ಕುಂತ್ರಿಲ್ಲೋ? ಜವಾಬಾತು. ಬಿಚ್ಚರಿ ಇನ್ನ," ಎಂದರು ಗುರಪ್ಪ ಮಾಸ್ತರರು.

"ಒಬ್ಬಾಕಿ ಚರ್ಚಿನಾಕಿ, ಒಬ್ಬಾಕಿ ಹಾಡಾಕಿ," ಎಂದಳು ಬಾಳವ್ವ. "ನಾವು ಎಲ್ಲೆ ಬೇಕಾದ್ರೂ ಕುಂಡ್ರತೇವಿ. ಬ್ಯಾರೆ ಹೆಣ್ಣಮಕ್ಕಳು ಬರಲಿ, ಆಮ್ಯಾಲ ನೋಡೂಣು." ನನ್ನನ್ನು ಕಂಡು ದನಿ ಏರಿಸಿದಳು. "ಏನ ನೋಡಾಕತ್ತಿ ಅಲ್ಲಿ ನಿಂತು? ರಿಟೈರ್ ಆಗಿ ಹೌದಿಲ್ಲೋ? ರಿಟೈರ್ ಆದಾವ್ರು ಈ ಊರಾಗ ಎಲ್ಲಿ ಕುಂಡ್ರತಾರ?"

ನಾನು ರಸ್ತೆಯ ನಡುವೆ ನಿಂತಿದ್ದೆ. ಹಿಂದಿನಿಂದ ಟಂಟಂ ಆಟೋ ಒಂದು ಹಾರ್ನ್ ಹೊಡೆಯಿತು. ಗುರಪ್ಪ ಮಾಸ್ತರರು ನನ್ನನ್ನೊಮ್ಮೆ, ಕಲ್ಗಿಯನ್ನೊಮ್ಮೆ ನೋಡಿ, ಕೊಡೆಯನ್ನು ಕಟ್ಟೆಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಕೊಡೆಯಿದ್ದ ಜಾಗದಲ್ಲಿ ನಾನು ಕೂತೆ. ಕಲ್ಲು ಬಿಸಿಯಾಗಿತ್ತು.

"ಒಂದಾತು," ಎಂದಳು ಬಾಳವ್ವ, ಇನ್ನೊಂದು ಚಹಾಕ್ಕೆಂದು ಅಂಗಡಿಯ ಕಡೆ ಬೆರಳೆತ್ತಿ.